‘ಅಲ್ಲೇನಿದೆ ನೋಡೋಕೆ?’

ನಿನ್ನೆ ರಾತ್ರಿಯಿಂದ ಇದನ್ನು ಬರೆಯಬೇಕು ಅಂತ ಒಳಗೊಳಗೇ ಕುದಿಯುತ್ತಿದ್ದೇನೆ. ಬೆರಳ ತುದಿ ಇನ್ನೂ ಕಪ್ಪಗಿದೆ. ಸುಟ್ಟ ಚೆಸ್ಟ್‌ನಟ್ ಕಾಯಿ ಸುಲಿದ ಮಸಿ, ಎರಡು ಸಲ ಸೋಪು ಹಾಕಿ ತೊಳೆದರೂ ಹೋಗಿಲ್ಲ. ಸ್ವೆಟರ್‌ನಲ್ಲಿ ಕಟ್ಟಿಗೆ ಹೊಗೆಯ ವಾಸನೆ. ಮನಸ್ಸು ತುಂಬಿದೆ, ಸಿಟ್ಟೂ ಇದೆ. ಮೊದಲು ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ.

ಈ ವಾರ ಊರಿನಿಂದ ನಮ್ಮ ಸಂಬಂಧಿಕರು ಬಂದಿದ್ದರು. ಹೆಸರು ಬೇಡ. ಅವರೂ ಇದನ್ನು ಓದುತ್ತಾರೆ, ಓದಲಿ. ಎಂಟು ದಿನದಲ್ಲಿ ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್. ಫ್ಲಾರೆನ್ಸ್‌ನಲ್ಲಿ ಎರಡು ರಾತ್ರಿ ನಮ್ಮ ಮನೆಯಲ್ಲೇ ಇದ್ದರು. ಭಾನುವಾರ ಮರ್ರಾದಿ ಅನ್ನುವ ಬೆಟ್ಟದ ಊರಿಗೆ ಹೋಗೋಣ, ಟಿಕೆಟ್ ನಾನೇ ತೆಗೆಸುತ್ತೇನೆ ಅಂದೆ. ‘ಅಲ್ಲೇನಿದೆ ನೋಡೋಕೆ?’ ಅಂದರು. ಚೆಸ್ಟ್‌ನಟ್ ಜಾತ್ರೆ ಅಂದೆ. ‘ಅದಕ್ಕೆ ಒಂದು ದಿನ ಹಾಳು ಮಾಡೋದಾ?’ ಅಂದರು. ಪೀಸಾಕ್ಕೆ ಹೋದರು. ಗೋಪುರಕ್ಕೆ ಕೈ ಕೊಟ್ಟ ಹಾಗೆ ಫೋಟೊ ತೆಗೆಸಿಕೊಂಡು ಬಂದರು. ನಾನು ಒಬ್ಬಳೇ ಮರ್ರಾದಿಯ ರೈಲು ಹತ್ತಿದೆ.

ಇಲ್ಲಿಗೆ ಬಂದು ವರ್ಷಗಳೇ ಆದವು. ಅಷ್ಟು ವರ್ಷದಿಂದ ಬರುವವರ ಬಾಯಲ್ಲಿ ಇದೊಂದೇ ಪ್ರಶ್ನೆ. ಅಲ್ಲೇನಿದೆ ನೋಡೋಕೆ? ನನಗೆ ಸಾಕಾಗಿದೆ. ಇವತ್ತು ಅಲ್ಲೇನಿದೆ ಅಂತ ಹೇಳಿಯೇ ಬಿಡುತ್ತೇನೆ.

ಫ್ಲಾರೆನ್ಸ್‌ನಿಂದ ಫಾಯೆನ್ಸಾ ಕಡೆಗೆ ಹೋಗುವ ರೈಲು ಹಳೆಯ ದಾರಿ, 1893ರದ್ದು. ಬೋರ್ಗೊ ಸಾನ್ ಲೊರೆನ್ಸೊ ದಾಟಿದ ಮೇಲೆ ಬರೀ ಸುರಂಗ, ಸುರಂಗ, ನಡುವೆ ಒಂದು ಕ್ಷಣ ಹಳದಿ ಕಾಡು, ಮತ್ತೆ ಸುರಂಗ. ಸಕಲೇಶಪುರದ ಘಟ್ಟದಲ್ಲಿ ರೈಲು ಇಳಿಯುವಾಗ ಆಗುತ್ತದಲ್ಲ, ಹಾಗೆಯೇ. ಒಂದೂವರೆ ಗಂಟೆಯಷ್ಟರಲ್ಲಿ ಮರ್ರಾದಿ. ಬೆಟ್ಟಗಳ ನಡುವೆ ಲಮೋನೆ ಅನ್ನುವ ಹೊಳೆ, ಅದರ ಎರಡೂ ದಡಕ್ಕೆ ಸಣ್ಣ ಊರು. ಅಕ್ಟೋಬರ್ ತಿಂಗಳ ಭಾನುವಾರಗಳಲ್ಲಿ ಇಲ್ಲಿ ಚೆಸ್ಟ್‌ನಟ್ ಸಾಗ್ರಾ.

ಸಾಗ್ರಾ ಅಂದರೆ ಊರ ಜಾತ್ರೆ. ಪದ ಬಂದಿರುವುದೇ ‘ಪವಿತ್ರ’ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ಮೊದಲು ಚರ್ಚಿನ ಹಬ್ಬ, ಆಮೇಲೆ ಆ ಊರಿನ ಬೆಳೆಯ ಹಬ್ಬ. ದ್ರಾಕ್ಷಿ ಊರಿಗೆ ದ್ರಾಕ್ಷಿಯದ್ದು, ಅಣಬೆ ಊರಿಗೆ ಅಣಬೆಯದ್ದು. ಬಸವನಗುಡಿಯ ಕಡಲೆಕಾಯಿ ಪರಿಷೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡೆಸುವವರು ಹೆಚ್ಚಾಗಿ ಊರಿನವರೇ. ಪ್ರೊ ಲೋಕೊ ಅಂತ ಊರೂರಿಗೆ ಒಂದು ಸಂಘ ಇರುತ್ತದೆ, ಇಟಲಿಯಲ್ಲಿ ಅಂಥವು ಆರು ಸಾವಿರಕ್ಕೂ ಜಾಸ್ತಿ. ಶಾಲೆ ಮೇಷ್ಟ್ರು ಕಟ್ಟಿಗೆ ಹೊರುತ್ತಾರೆ, ಅಂಚೆ ಕಚೇರಿಯ ಹೆಂಗಸು ತಟ್ಟೆ ಕೊಡುತ್ತಾಳೆ, ಹೈಸ್ಕೂಲ್ ಹುಡುಗರು ಮೇಜು ಒರೆಸುತ್ತಾರೆ. ಮೊದಲು ದುಡ್ಡು ಕೊಟ್ಟು ಚೀಟಿ ತಗೋಬೇಕು, ಆಮೇಲೆ ಉದ್ದನೆ ಬೆಂಚಿನ ಮೇಲೆ ಗುರುತಿಲ್ಲದವರ ಪಕ್ಕ ಕೂತು ಉಣ್ಣಬೇಕು. ಥೇಟ್ ನಮ್ಮ ಪಂಕ್ತಿ ಊಟ.

ಇನ್ನು ಚೆಸ್ಟ್‌ನಟ್ ಸುಡುವುದು. ತೂತು ತೂತಾದ ದೊಡ್ಡ ಕಬ್ಬಿಣದ ಬಾಣಲೆ, ಕೆಳಗೆ ಕಟ್ಟಿಗೆ ಬೆಂಕಿ. ಕಾಯಿ ಸಿಡಿಯಬಾರದು ಅಂತ ಒಂದೊಂದರ ಸಿಪ್ಪೆಯನ್ನೂ ಚಾಕುವಿನಿಂದ ಸೀಳಿರುತ್ತಾರೆ. ಸುಟ್ಟದ್ದನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ಕೊಡುತ್ತಾರೆ. ಮೊದಲನೆಯದನ್ನು ಸುಲಿದು ಬಾಯಿಗೆ ಹಾಕಿಕೊಂಡಾಗ, ನನಗೆ ಪ್ರತಿ ವರ್ಷ ಒಂದೇ ನೆನಪು. ತೀರ್ಥಹಳ್ಳಿ ಮನೆಯ ಬಚ್ಚಲ ಒಲೆ, ಜೋರು ಮಳೆ, ಕೆಂಡದಲ್ಲಿ ಹೂತಿಟ್ಟ ಹಲಸಿನ ಬೀಜ. ಅದೇ ಹಿಟ್ಟು ಹಿಟ್ಟಾದ ರುಚಿ. ಇದು ಸ್ವಲ್ಪ ಸಿಹಿ ಜಾಸ್ತಿ, ಅಷ್ಟೇ.

ಮರ್ರಾದಿಯಲ್ಲಿ ಸಿಗುವುದು ಬರೀ ಚೆಸ್ಟ್‌ನಟ್ ಅಲ್ಲ, ಮರೋನೆ. ಗಾತ್ರದಲ್ಲಿ ದೊಡ್ಡದು, ಸಿಹಿ ಹೆಚ್ಚು, ಒಳಗಿನ ತೆಳು ಸಿಪ್ಪೆ ತಿರುಳಿಗೆ ಅಂಟಿಕೊಳ್ಳದೆ ಸುಲಭವಾಗಿ ಬಿಟ್ಟುಬರುತ್ತದೆ. ನಮ್ಮ ಶಿರಸಿ ಅಡಿಕೆಗೆ 2019ರಲ್ಲಿ ಜಿಐ, ಅಂದರೆ ಇದು ಈ ಸೀಮೆಯದ್ದೇ ಬೆಳೆ ಅನ್ನುವ ಗುರುತು ಸಿಕ್ಕಿತಲ್ಲ, ಮರ್ರಾದಿ ಇರುವ ಮುಜೆಲ್ಲೊ ಸೀಮೆಯ ಈ ಮರೋನೆಗೆ ಅಂಥದ್ದೇ ಮಾನ್ಯತೆ 1996ರಲ್ಲಿ ಸಿಕ್ಕಿದೆ. ಈ ಬೆಟ್ಟದ ಜನ ಚೆಸ್ಟ್‌ನಟ್ ಮರಕ್ಕೆ ‘ರೊಟ್ಟಿ ಮರ’ ಅಂತ ಹೆಸರಿಟ್ಟಿದ್ದಾರೆ. ಗೋಧಿ ಬೆಳೆಯದ ಇಳಿಜಾರಿನಲ್ಲಿ ಚಳಿಗಾಲ ಕಳೆಯುವುದಕ್ಕೆ ಅವರಿಗಿದ್ದದ್ದು ಇದೊಂದೇ. ಕಾಯಿಯನ್ನು ಕಲ್ಲಿನ ಗುಡಿಸಲಿನ ಅಟ್ಟದ ಮೇಲೆ ಹರಡಿ, ಕೆಳಗೆ ವಾರಗಟ್ಟಲೆ ಸಣ್ಣ ಬೆಂಕಿ ಹಾಕಿ ಹೊಗೆಯಲ್ಲಿ ಒಣಗಿಸಿ, ಬೀಸಿ ಹಿಟ್ಟು ಮಾಡಿ ಇಟ್ಟುಕೊಳ್ಳುತ್ತಿದ್ದರು. ಆ ಹಿಟ್ಟಿನಿಂದ ಕಸ್ತನ್ಯಾಚ್ಚೊ ಅನ್ನುವ ಒಂದು ತಿಂಡಿ ಮಾಡುತ್ತಾರೆ. ಹಿಟ್ಟು, ನೀರು, ಆಲಿವ್ ಎಣ್ಣೆ, ಒಣದ್ರಾಕ್ಷಿ, ಪೈನ್ ಬೀಜ, ಮೇಲೆ ರೋಸ್ಮರಿ ಸೊಪ್ಪು. ಮೊಟ್ಟೆ ಇಲ್ಲ, ಹಾಲಿಲ್ಲ, ಸಕ್ಕರೆಯೂ ಇಲ್ಲ.

‘ನಾವು ವೆಜ್, ಹಳ್ಳಿಗೆ ಹೋದರೆ ತಿನ್ನೋಕೆ ಏನೂ ಸಿಗಲ್ಲ’ ಅನ್ನುವವರು ಆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ನಾನೂ ಸಸ್ಯಾಹಾರಿಯೇ. ಸಾಗ್ರಾದಲ್ಲಿ ನಾನು ಯಾವತ್ತೂ ಹಸಿದು ಬಂದಿಲ್ಲ. ಅಣಬೆ ಹಾಕಿದ ಪೊಲೆಂಟಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಉತ್ತರದ ಕಡೆ ಹೋದರೆ ಕಡಲೆಹಿಟ್ಟನ್ನು ದೊಡ್ಡ ತಾಮ್ರದ ತಟ್ಟೆಯಲ್ಲಿ ಸುಟ್ಟು ಕೊಡುವ ಫಾರಿನಾತಾ. ಎಚ್ಚರ ಇರಬೇಕಾದ ಜಾಗ ಬೇರೆ. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದನ್ನು ದೊಡ್ಡ ಊರಿನ ಹೋಟೆಲಿನಲ್ಲಿ ಪಾಸ್ತಾ ಮೇಲೆ ತುರಿದು ಹಾಕಿ ಕೊಟ್ಟಾಗ ಯಾರೂ ಕೇಳುವುದಿಲ್ಲ. ಹಳ್ಳಿ ಅಂದ ಕೂಡಲೇ ಎಲ್ಲರಿಗೂ ಸಂಶಯ ಬರುತ್ತದೆ.

ಇನ್ನೊಂದು ಮಾತು ಬರುತ್ತದೆ ಅಂತ ಗೊತ್ತು. ‘ನೀನು ಅಲ್ಲೇ ಇರುವವಳು. ನಾವು ಲಕ್ಷಗಟ್ಟಲೆ ಖರ್ಚು ಮಾಡಿ, ವೀಸಾಕ್ಕೆ ಅಲೆದು, ಎಂಟು ದಿನ ರಜೆ ಹಾಕಿ ಬರುತ್ತೇವೆ. ಕೊಲೋಸಿಯಂ ಬಿಟ್ಟು ಚೆಸ್ಟ್‌ನಟ್ ತಿನ್ನಬೇಕಾ?’ ಇಲ್ಲ, ಬಿಡಬೇಡಿ. ಕೊಲೋಸಿಯಂ ನೋಡಿ. ನಾನು ಕೇಳುತ್ತಿರುವುದು ಒಂದು ಭಾನುವಾರ. ಎಂಟರಲ್ಲಿ ಒಂದು. ರೋಮ್‌ನಲ್ಲೇ ಇದ್ದೀರಾ, ಅಕ್ಟೋಬರ್ ಮೊದಲ ಭಾನುವಾರವಾ? ಲೋಕಲ್ ರೈಲು ಹಿಡಿದು ಹತ್ತಿರದ ಮರೀನೊಗೆ ಹೋಗಿ. 1925ರಿಂದ ನಡೆದು ಬಂದ ದ್ರಾಕ್ಷಿ ಹಬ್ಬ ಅದು. ಊರ ನಡುವಿನ ಕಾರಂಜಿಯಲ್ಲಿ ನೀರಿನ ಬದಲು ವೈನ್ ಹರಿಯುತ್ತದೆ. ಕುಡಿಯದಿದ್ದರೆ ಬೇಡ, ಬುಟ್ಟಿ ಬುಟ್ಟಿ ದ್ರಾಕ್ಷಿ ಇರುತ್ತದೆ. ವೆನಿಸ್‌ನಲ್ಲಿ ನೂಕುನುಗ್ಗಲು ಎಷ್ಟಾಗಿದೆ ಅಂದರೆ, ಬಂದು ಹಾಗೇ ಹೋಗುವವರಿಗೆ 2024ರಿಂದ ಕೆಲವು ದಿನ ಐದು ಯೂರೊ ಪ್ರವೇಶ ಶುಲ್ಕ ಹಾಕಲು ಶುರು ಮಾಡಿದರು. ಅಲ್ಲಿ ತಳ್ಳಾಟದಲ್ಲಿ ನಿಲ್ಲುವುದಕ್ಕೆ ದಿನ ಇದೆ, ಇಲ್ಲಿ ಕೂತು ಉಣ್ಣುವುದಕ್ಕೆ ದಿನ ಇಲ್ಲ. ಇದು ನನಗೆ ಅರ್ಥವಾಗುವುದಿಲ್ಲ.

ಉತ್ತರದ ಆಲ್ಬಾ ಊರಿನ ಮಾತೂ ಹೇಳಬೇಕು. ಟ್ಯೂರಿನ್‌ನಿಂದ ರೈಲಿದೆ. ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ದಿನಗಳವರೆಗೆ ವಾರಾಂತ್ಯಗಳಲ್ಲಿ ಬಿಳಿ ಟ್ರಫಲ್ ಸಂತೆ. ಮರದ ಬೇರಿನ ಪಕ್ಕ ನೆಲದೊಳಗೆ ಬೆಳೆಯುವ ಅಣಬೆ ಅದು, ಕೆಜಿಗೆ ಸಾವಿರಾರು ಯೂರೊ. ತ್ರಿಫೊಲಾವೊ ಅಂತ ಕರೆಯುವ ಬೇಟೆಗಾರ ರಾತ್ರಿ ಹೊತ್ತು ನಾಯಿ ಕರೆದುಕೊಂಡು ಕಾಡಿಗೆ ಹೋಗುತ್ತಾನೆ. ಪಕ್ಕದ ರೊದ್ದಿ ಊರಿನಲ್ಲಿ ಈ ನಾಯಿಗಳಿಗೆ ವಾಸನೆ ಕಲಿಸುವ ಶಾಲೆಯೇ ಇದೆ, 1880ರದ್ದು. 2021ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೆಯಲ್ಲಿ ಬಲ್ಲವರು ಪ್ರತಿ ಟ್ರಫಲನ್ನೂ ಮೂಸಿ, ಒತ್ತಿ ನೋಡಿದ ಮೇಲೆಯೇ ಮಾರಾಟಕ್ಕೆ ಬಿಡುತ್ತಾರೆ. ಕೊಳ್ಳಲು ನನಗೆ ಶಕ್ತಿ ಇರಲಿಲ್ಲ. ಸುಮ್ನೆ ಆ ಟೆಂಟ್ ಒಳಗೆ ನಿಂತು ಉಸಿರು ಎಳೆದುಕೊಂಡೆ, ಅಷ್ಟಕ್ಕೇ ಹೋದದ್ದು ಸಾರ್ಥಕ ಅನ್ನಿಸಿತು. ಬೆಂಗಳೂರಿನ ಕೆಫೆಗಳಲ್ಲಿ ‘ಟ್ರಫಲ್ ಫ್ರೈಸ್’ ತಿಂದು ಟ್ರಫಲ್ ಗೊತ್ತು ಅನ್ನುವ ಗೆಳೆಯರೇ, ಆ ಎಣ್ಣೆಯ ವಾಸನೆ ಹೆಚ್ಚಿನ ಸಲ ಲ್ಯಾಬಿನಲ್ಲಿ ಮಾಡಿದ್ದು. ಸಾಧ್ಯವಾದರೆ ಒಮ್ಮೆ ನಿಜವಾದದ್ದನ್ನು ಮೂಸಿ ನೋಡಿ.

ಮತ್ತೆ ಮರ್ರಾದಿಗೆ ಬರುತ್ತೇನೆ, ಯಾಕೆಂದರೆ ಹೇಳಲೇಬೇಕಾದ ಒಂದು ವಿಷಯ ಉಳಿದಿದೆ. ‘ಅಲ್ಲೇನಿದೆ ನೋಡೋಕೆ’ ಅನ್ನುವ ಮಾತನ್ನು ನಾನೂ ಒಮ್ಮೆ ಆಡಿದ್ದೇನೆ. ಆಡಿದ್ದು ಅಪ್ಪಯ್ಯನ ಹತ್ತಿರ.

2019ರ ಅಕ್ಟೋಬರ್. ಅಪ್ಪಯ್ಯ, ಅಮ್ಮ ಬಂದಿದ್ದರು. ಪ್ಲಾನ್ ನಾನೇ ಹಾಕಿದ್ದೆ. ಒಂಬತ್ತು ದಿನ, ದಿನಕ್ಕೆ ನಾಲ್ಕು ಜಾಗ. ಅಮ್ಮನ ಮಂಡಿ ನೋವನ್ನೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಫ್ಲಾರೆನ್ಸ್‌ನ ರಸ್ತೆ ಬದಿಯಲ್ಲಿ ಒಬ್ಬ ಮುದುಕ ಚೆಸ್ಟ್‌ನಟ್ ಸುಡುತ್ತಿದ್ದ. ಅಪ್ಪಯ್ಯ ಅಲ್ಲಿ ನಿಂತುಬಿಟ್ಟರು. ಒಂದು ಪೊಟ್ಟಣ ಕೊಡಿಸಿದೆ. ತಿಂದರು. ಸಿಪ್ಪೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ‘ಇದು ಎಂಥಾ ಮರ? ಇಲ್ಲೇ ಹತ್ತಿರ ತೋಟ ಇದ್ಯಾ? ನೋಡ್ಲಿಕ್ಕೆ ಆಗ್ತದಾ?’ ಅಂತ ಕೇಳಿದರು. ವೆನಿಸ್ ರೈಲಿಗೆ ಒಂದು ಗಂಟೆ ಇತ್ತು. ‘ಅಲ್ಲೇನಿದೆ ಅಪ್ಪಯ್ಯ ನೋಡೋಕೆ, ಬರೀ ಕಾಡು’ ಅಂದೆ. ಅವರು ಮತ್ತೆ ಕೇಳಲಿಲ್ಲ. ಜೀವನ ಪೂರ್ತಿ ಅಡಿಕೆ ಮರದ ಕೆಳಗೆ ಕಳೆದವರು, ಒಂದು ಮರ ನೋಡಬೇಕು ಅಂತ ಕೇಳಿದ್ದರು. ಅದು ಇದ್ದದ್ದು ಒಂದೂವರೆ ಗಂಟೆ ದೂರದಲ್ಲಿ. ಆಗ ನಾನು ಮರ್ರಾದಿ ನೋಡಿಯೇ ಇರಲಿಲ್ಲ. ಮೊದಲ ಸಲ ಹೋದದ್ದು ಅದರ ಎರಡು ವರ್ಷದ ಮೇಲೆ. ಈಗ ಅವರ ಎದೆಗೆ ಸ್ಟೆಂಟ್ ಹಾಕಿದೆ, ಅಷ್ಟು ದೂರದ ವಿಮಾನ ಬೇಡ ಅಂದಿದ್ದಾರೆ ಡಾಕ್ಟರು.

ಅದಕ್ಕೇ ಈ ಸಲ ಆ ಮಾತು ಕೇಳಿದಾಗ ನನಗೆ ಅಷ್ಟು ಉರಿದದ್ದು. ಸಂಬಂಧಿಕರ ಮೇಲಿನ ಸಿಟ್ಟು ಅರ್ಧ, ಇನ್ನರ್ಧ ಯಾರ ಮೇಲೆ ಅಂತ ಹೇಳಬೇಕಾಗಿಲ್ಲ.

ನಿನ್ನೆ ಊಟ ಆದ ಮೇಲೆ ಊರ ಹೊರಗಿನ ತೋಟದ ಕಡೆ ನಡೆದೆ. ತೋಟದವನು ಎಪ್ಪತ್ತು ದಾಟಿದ ಮನುಷ್ಯ, ಬಿದ್ದ ಕಾಯಿ ಆರಿಸುತ್ತಿದ್ದ. ನೆಲದ ತುಂಬ ಮುಳ್ಳು ಮುಳ್ಳಿನ ಸಿಪ್ಪೆ. ಅಪ್ಪಯ್ಯನಿಗೆ ವಿಡಿಯೊ ಕಾಲ್ ಮಾಡಿದೆ. ಊರಲ್ಲಿ ಆಗ ಸಂಜೆ ಕತ್ತಲಾಗಿತ್ತು. ನಡುವೆ ನಾನು ನಿಂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳಿದೆ. ಅಪ್ಪಯ್ಯ ಮೊದಲು ಕೇಳಿದ್ದೇ ರೋಗದ ವಿಷಯ. ಆ ಮನುಷ್ಯನ ಮುಖ ಅರಳಿಬಿಟ್ಟಿತು. ಏಷ್ಯಾದಿಂದ ಬಂದ ಒಂದು ಸಣ್ಣ ಕಣಜ 2002ರಲ್ಲಿ ಮೊದಲು ಉತ್ತರ ಇಟಲಿಯ ಕುನೆಯೊ ಕಡೆ ಕಾಣಿಸಿಕೊಂಡಿತಂತೆ. ಮೊಗ್ಗಿನೊಳಗೆ ಮೊಟ್ಟೆ ಇಡುತ್ತದೆ, ಮೊಗ್ಗು ಗಂಟಾಗುತ್ತದೆ, ಹೂವೂ ಇಲ್ಲ, ಕಾಯಿಯೂ ಇಲ್ಲ. ಕೆಲವು ವರ್ಷ ಬೆಳೆ ನೆಲಕಚ್ಚಿತು. ಕೊನೆಗೆ ಆ ಕಣಜವನ್ನೇ ತಿನ್ನುವ ಇನ್ನೊಂದು ಕಣಜವನ್ನು ತಂದು ತೋಟಗಳಲ್ಲಿ ಬಿಟ್ಟರು. ನಿಧಾನಕ್ಕೆ ಮರ ಚೇತರಿಸಿಕೊಂಡಿತು. ಅದಾದ ಮೇಲೆ 2023ರ ಮೇನಲ್ಲಿ ಭಾರೀ ಮಳೆ, ಗುಡ್ಡ ಕುಸಿತ. ಅದೇ ಸೆಪ್ಟೆಂಬರ್‌ನಲ್ಲಿ ಭೂಕಂಪ. ಅಪ್ಪಯ್ಯ ಅಡಿಕೆಯ ಕೊಳೆ ರೋಗದ ಬಗ್ಗೆ ಹೇಳಿದರು, ಈಗಿನ ಎಲೆಚುಕ್ಕಿ ರೋಗದ ಬಗ್ಗೆ ಹೇಳಿದರು. ಬೋರ್ಡೊ ದ್ರಾವಣ ಅಂದದ್ದು ಮಾತ್ರ ನಾನು ಅನುವಾದ ಮಾಡುವ ಮೊದಲೇ ಆ ಮನುಷ್ಯನಿಗೆ ಅರ್ಥವಾಯಿತು. ದ್ರಾಕ್ಷಿಗೆ ಅವರೂ ಅದನ್ನೇ ಹೊಡೆಯುತ್ತಾರೆ. ಇಬ್ಬರೂ ಒಟ್ಟಿಗೆ ನಕ್ಕರು. ಇಪ್ಪತ್ತು ನಿಮಿಷ ಮಾತಾಡಿದರು. ನನ್ನ ಫೋನಿನ ಚಾರ್ಜು ಮುಗಿಯಿತು.

ಮನೆಗೆ ಬಂದು ಫೋನ್ ಚಾರ್ಜಿಗೆ ಹಾಕಿ ನೋಡಿದರೆ ಅಪ್ಪಯ್ಯನ ವಾಯ್ಸ್ ಮೆಸೇಜ್ ಬಂದಿತ್ತು. ಆ ಮರ ನೆಟ್ಟು ಎಷ್ಟು ವರ್ಷಕ್ಕೆ ಫಸಲು ಬರುತ್ತದೆ, ಕಸಿ ಕಟ್ಟುತ್ತಾರಾ ಬೀಜದಿಂದಲೇ ಬೆಳೆಸುತ್ತಾರಾ, ಮರದಿಂದ ಮರಕ್ಕೆ ಎಷ್ಟು ಅಡಿ ಬಿಡುತ್ತಾರೆ, ಇದನ್ನೆಲ್ಲ ಕೇಳಿ ಹೇಳು ಅಂದಿದ್ದಾರೆ. ಅಕ್ಟೋಬರ್‌ನಲ್ಲಿ ಇನ್ನೊಂದು ಭಾನುವಾರ ಇದೆ. ಬೆಳಗಿನ ರೈಲಿಗೇ ಹೋಗುತ್ತೇನೆ, ಈ ಸಲ ಪವರ್ ಬ್ಯಾಂಕ್ ತಗೊಂಡು. ಫ್ಲಾರೆನ್ಸ್, ಬೊಲೋನ್ಯಾ ಕಡೆ ಇರುವವರು ಬರುವುದಾದರೆ ಮೆಸೇಜ್ ಮಾಡಿ.