ರೈನೋಸ್ ಮುಳುಗಿದ್ದು ಅಭಿಮಾನಿಗಳಿಲ್ಲದೆ ಅಲ್ಲ
ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ರೈನೋಸ್ ಫುಟ್‌ಬಾಲ್ ಕ್ಲಬ್ ಮುಚ್ಚಿಹೋಗಲು ಆ ಊರಿನವರ ನಿರಾಸಕ್ತಿಯೇ ಕಾರಣವೆಂಬ ಲೇಖನವೊಂದರ ಮಾತನ್ನು ನಾನು ಒಪ್ಪಲಾರೆ. 1996ರಲ್ಲಿ ಕೆಳದರ್ಜೆಯ ಎ-ಲೀಗ್‌ನಲ್ಲಿ ಆಟ ಆರಂಭಿಸಿದ ಈ ತಂಡದ ಪಂದ್ಯಗಳಿಗೆ ತೊಂಬತ್ತರ ದಶಕದ ಕೊನೆಯಲ್ಲಿ, ಅದೂ ಬೇಸ್‌ಬಾಲ್‌ಗೆಂದು ಕಟ್ಟಿದ ಕ್ರೀಡಾಂಗಣದಲ್ಲಿ, ಸರಾಸರಿ 10,000ಕ್ಕೂ ಹೆಚ್ಚು ಪ್ರೇಕ್ಷಕರು ಸೇರುತ್ತಿದ್ದರು. ಬೇರೆ ಬೇರೆ ದರ್ಜೆಯ ತಂಡಗಳು ಒಟ್ಟಿಗೆ ಸೆಣಸುವ ಯು.ಎಸ್. ಓಪನ್ ಕಪ್‌ನ 1999ರ ಟೂರ್ನಿಯಲ್ಲಿ, ಅಂದರೆ ಆ ವರ್ಷದ ಓಪನ್ ಕಪ್‌ನಲ್ಲಿ ಷಿಕಾಗೊ, ಡಲ್ಲಾಸ್ ಮತ್ತು ಕೊಲಂಬಸ್ ತಂಡಗಳನ್ನು ಸೋಲಿಸಿ, ಫೈನಲ್‌ನಲ್ಲಿ ಕೊಲರಾಡೊ ರ‍್ಯಾಪಿಡ್ಸ್ ವಿರುದ್ಧ 2–0 ಅಂತರದಿಂದ ಗೆದ್ದ ರೈನೋಸ್, ಅಮೆರಿಕದ ಅಗ್ರ ದರ್ಜೆಯ ಮೇಜರ್ ಲೀಗ್ ಸಾಕರ್ ಆರಂಭವಾದ ಮೇಲೆ ಆ ಲೀಗ್‌ನ ಹೊರಗಿನಿಂದ ಬಂದು ಈ ಕಪ್ ಎತ್ತಿದ ಏಕೈಕ ತಂಡ. ಈ ಸಾಧನೆಗೆ ಲೇಖನದಲ್ಲಿ ಒಂದೇ ಸಾಲು ಮೀಸಲಾಗಿರುವುದು ನನಗೆ ನಿಜಕ್ಕೂ ನೋವು ತಂದಿತು.

ಅಮೆರಿಕದಲ್ಲಿ ಕೆಳದರ್ಜೆಯ ತಂಡ ಎಷ್ಟೇ ಗೆದ್ದರೂ ಮೇಲಿನ ಲೀಗ್‌ಗೆ ಬಡ್ತಿ ಪಡೆಯುವುದಿಲ್ಲ. ಅಲ್ಲಿ ಪ್ರವೇಶ ಸಿಗುವುದು ಭಾರಿ ಶುಲ್ಕ ತೆರಬಲ್ಲ ಮಾಲೀಕರಿಗೆ. ಮೇಲಿನ ಲೀಗ್‌ನ ಕನಸಿನೊಂದಿಗೆ 2006ರಲ್ಲಿ ತೆರೆದ ಸ್ವಂತ ಕ್ರೀಡಾಂಗಣವೇ ಮುಂದೆ ಹೊರೆಯಾಯಿತು. 2015ರಲ್ಲಿ ಕೆಳದರ್ಜೆಯ ಲೀಗ್ ಆದ ಯುಎಸ್ಎಲ್ ಪ್ರಶಸ್ತಿ ಗೆದ್ದ ತಂಡ 2017ರ ಋತುವಿನ ನಂತರ ಆಟ ನಿಲ್ಲಿಸಿತು. ಇಂಗ್ಲೆಂಡಿನ ಆಟಗಾರ ಜೇಮಿ ವಾರ್ಡಿ ಸಹಮಾಲೀಕರಾದ ಮೇಲೆ, 2022ರಲ್ಲಿ ಹೊಸ ಹೆಸರಿನಿಂದ ಒಂದೇ ಋತು ಆಡಿ, 2023ರಲ್ಲಿ ಕ್ಲಬ್ ಶಾಶ್ವತವಾಗಿ ಮುಚ್ಚಿತು.