‘ಸ್ವಲ್ಪ ಕೆಲಸ ಇದೆ ಅಷ್ಟೆ’

ತುಮಕೂರಿನಲ್ಲಿ ರಿಪೇರಿ ಅರ್ಧಕ್ಕೆ ನಿಂತು ಮಾರಾಟಕ್ಕಿರುವ ಹಳೇ ಕಾರು, ಬಟ್ಟೆಯ ಛಾವಣಿ ಮಡಚುವ ಹೆರಾಲ್ಡ್ ಕನ್ವರ್ಟಿಬಲ್ ಒಂದರ ಫೋಟೊ ಈಚೆಗೆ ಫೋನಿಗೆ ಬಂತು. ಮೈಯೆಲ್ಲ ಬೂದು ಪ್ರೈಮರ್, ಚಕ್ರ ಇರಬೇಕಾದ ಕಡೆ ಸೈಜುಗಲ್ಲು, ಬಾನೆಟ್ ಮೇಲೆ ಮಾತ್ರ ಆಯುಧಪೂಜೆಯ ಕುಂಕುಮ ಇನ್ನೂ ಕೆಂಪಗೆ. ಜೊತೆಗೊಂದು ಸಾಲು: ‘ಶೇ 90 ಮುಗಿದಿದೆ, ಸ್ವಲ್ಪ ಕೆಲಸ ಇದೆ ಅಷ್ಟೆ.’ ಅಡಿಭಾಗದ ನಾಲ್ಕು ಫೋಟೊ ಕಳಿಸಿ ಎಂದು ಕೇಳಿದ್ದಕ್ಕೆ ಬಂದ ಉತ್ತರ: ‘ಸಾರ್, ನೀವು ತಗೊಳ್ಳೋರಾ, ಟೈಂಪಾಸ್ ಮಾಡೋರಾ?’

ನಾನಿರುವ ಇಂಗ್ಲೆಂಡಿನ ಕೊವೆಂಟ್ರಿ ಈ ಕಾರಿನ ತವರು. ಟ್ರಯಂಫ್ ಹೆರಾಲ್ಡ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. 1961ರಿಂದ ಅದೇ ಗಾಡಿ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ತಯಾರಾಯಿತು. ಅರ್ಧಕ್ಕೆ ನಿಂತ ಹೆರಾಲ್ಡ್‌ಗಳು ಇಲ್ಲೂ ಬೇಕಾದಷ್ಟಿವೆ, ಆಗಾಗ ಮಾರಾಟಕ್ಕೂ ಬರುತ್ತವೆ. ವ್ಯತ್ಯಾಸ ಇರುವುದು ಜಾಹೀರಾತಿನಲ್ಲಿ. ಇಲ್ಲಿನವರು ಆಗದೆ ಉಳಿದದ್ದನ್ನೇ ಮೊದಲು ಬರೆಯುತ್ತಾರೆ: ಎಡಗಡೆ ಹಿಂದೆ ಬಾಡಿ ಹೊರುವ ಔಟ್‌ರಿಗ್ಗರ್ ಹೋಗಿದೆ, ಎರಡನೇ ಗೇರಿನಲ್ಲಿ ಸದ್ದು ಬರುತ್ತೆ, ಹುಡ್ (ಮಡಚುವ ಛಾವಣಿ) ಫ್ರೇಮ್ ಇದೆ, ಬಟ್ಟೆ ಇಲ್ಲ. ಇದನ್ನು ಓದಿ ಯಾರೂ ಓಡಿಹೋಗುವುದಿಲ್ಲ. ಅರ್ಧಂಬರ್ಧ ಗಾಡಿ ಕೊಳ್ಳುವವನು ಕೆಲಸ ಮಾಡಲೆಂದೇ ಕೊಳ್ಳುತ್ತಾನೆ. ಅವನಿಗಿರುವ ಭಯ ಕಾಣದ ಕೆಲಸದ್ದು. ನಮ್ಮ ‘ಸ್ವಲ್ಪ’ದ ಹಿಂದೆ ಎಷ್ಟಿದೆಯೋ ಗೊತ್ತಾಗದೆ ಅವನು ಕೆಟ್ಟದ್ದನ್ನೇ ಊಹಿಸಿ ಗುಜರಿ ರೇಟು ಕೇಳುತ್ತಾನೆ. ಆಮೇಲೆ ನಮ್ಮವರಿಗೆ ಸಿಟ್ಟು.

ಅಡಿಭಾಗ ಯಾಕೆ ಬೇಕು ಎಂದರೆ, ಹೆರಾಲ್ಡ್‌ಗೆ ಬಾಡಿಯಿಂದ ಬೇರೆಯಾದ ಚಾಸಿ (ಅಡಿಯ ಚೌಕಟ್ಟು) ಇದೆ. ಚಾಸಿಯಿಂದ ಪಕ್ಕಕ್ಕೆ ಚಾಚಿಕೊಂಡ ಔಟ್‌ರಿಗ್ಗರ್‌ಗಳು ಬಾಡಿಯ ಅಂಚನ್ನು ಹೊರುತ್ತವೆ. ಅವು ಒಳಗೆ ಟೊಳ್ಳು. ಕೆಸರು, ನೀರು ಹೊಕ್ಕರೆ ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗೆ ಪೇಂಟ್ ನೆಟ್ಟಗೇ ಇರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ತೂತು ಮುಚ್ಚಲು ಪುಟ್ಟಿ ಮೆತ್ತಿದ ಕಡೆ ಮ್ಯಾಗ್ನೆಟ್ ಅಂಟುವುದಿಲ್ಲ. ಮಾರುವವನು ಔಟ್‌ರಿಗ್ಗರ್‌ಗಳು, ಡಿಫರೆನ್ಷಿಯಲ್ ಸುತ್ತಲಿನ ಚಾಸಿ, ಡಿಕ್ಕಿಯ ತಳ, ಬ್ಯಾಟರಿ ಕೂರುವ ತಟ್ಟೆ, ಇಷ್ಟನ್ನು ಒರೆಸಿ, ಬೆಳಕಿಗೆ ಹಿಡಿದು ಫೋಟೊ ತೆಗೆದರೆ ಅರ್ಧ ವ್ಯಾಪಾರ ಮುಗಿದ ಹಾಗೆ.

ಮುಂದಿನ ಚಕ್ರದ ಬುಡದಲ್ಲಿ ಟ್ರನಿಯನ್ ಎಂಬ ಹಿತ್ತಾಳೆ ಭಾಗವಿದೆ, ಚಕ್ರವನ್ನು ಹಿಡಿದ ನೆಟ್ಟನೆಯ ಕಂಬ ಸ್ಟೀರಿಂಗ್ ತಿರುಗಿಸಿದಾಗ ಅದರೊಳಗಿನ ಥ್ರೆಡ್ಡಿನಲ್ಲೇ ತಿರುಗುತ್ತದೆ. ಅದಕ್ಕೆ ಹಾಕಬೇಕಾದ್ದು ಇಪಿ 90 ಗೇರ್ ಆಯಿಲ್. ಗ್ರೀಸ್ ಗನ್ ಕೈಯಲ್ಲಿದ್ದರೆ ನಮ್ಮ ಮೆಕ್ಯಾನಿಕ್ ಸಿಕ್ಕಿದ ನಿಪ್ಪಲ್‌ಗೆಲ್ಲ ಗ್ರೀಸ್ ಹೊಡೆಯುತ್ತಾನೆ. ಗ್ರೀಸ್ ಗಟ್ಟಿಯಾಗುತ್ತದೆ, ನೀರು ಸೇರುತ್ತದೆ, ಥ್ರೆಡ್ ಸವೆಯುತ್ತದೆ; ಒಂದು ದಿನ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ‘ಟ್ರನಿಯನ್ ಬಿಚ್ಚಿ ನೋಡಿದೆ, ಆಯಿಲ್ ಹಾಕಿದೆ’ ಎಂಬ ಒಂದು ವಾಕ್ಯ ಹೊಸ ಪೇಂಟಿಗಿಂತ ಹೆಚ್ಚು ಬೆಲೆ ತರುತ್ತದೆ.

ಪ್ರೈಮರ್ ವಿಷಯಕ್ಕೆ ಬಂದರಂತೂ ತಾಳ್ಮೆ ಉಳಿಯುವುದಿಲ್ಲ. ಮಾರುವ ಮುಂಚೆ ಚೆನ್ನಾಗಿ ಕಾಣಲಿ ಅಂತ ಮೈಗೆಲ್ಲ ಬೂದು ಪ್ರೈಮರ್ ಹೊಡೆಸುತ್ತಾರೆ. ಸಾಮಾನ್ಯ ಪ್ರೈಮರ್ ತೇವ ಹೀರುತ್ತದೆ. ಮೇಲೆ ಪೇಂಟ್ ಬೀಳದೆ ಶೆಡ್ಡಿನಲ್ಲಿ ಎರಡು ಮಳೆಗಾಲ ಕಳೆದರೆ ಕೆಳಗಿನ ತಗಡು ಗುಳ್ಳೆ ಏಳುತ್ತದೆ. ಅಷ್ಟಲ್ಲದೆ ಮಾಡಿಸಿದ ಒಳ್ಳೆಯ ವೆಲ್ಡಿಂಗ್ ಕೂಡ ಅದರಡಿ ಮುಚ್ಚಿಹೋಗುತ್ತದೆ. ತೇವ ತಡೆಯುವ ಎಪಾಕ್ಸಿ ಪ್ರೈಮರ್ ಹಾಕಿ, ಇಲ್ಲವೇ ವೆಲ್ಡಿಂಗ್ ಕಾಣುವ ಹಾಗೆ ಬಿಟ್ಟು ಎಣ್ಣೆ ಸವರಿ.

ಕನ್ವರ್ಟಿಬಲ್ ಎಂದ ಮೇಲೆ ಬಾಗಿಲ ಸಂದು ನೋಡಲೇಬೇಕು. ಹೆರಾಲ್ಡ್‌ನ ಸಿಲ್ (ಬಾಗಿಲ ಕೆಳಗಿನ ಅಂಚು) ಬೋಲ್ಟಿನಲ್ಲಿ ಕೂತದ್ದು, ಭಾರ ಹೊರುವುದಿಲ್ಲ. ಮೇಲೆ ಛಾವಣಿಯೂ ಇಲ್ಲ. ಬಾಗಿಲ ಜಾಗಕ್ಕೆ ಆ್ಯಂಗಲ್ ಅಡ್ಡ ಕೊಡದೆ ಬಾಡಿಯನ್ನು ಚಾಸಿಯಿಂದ ಎತ್ತಿದರೆ ನಡುವೆ ಬಗ್ಗುತ್ತದೆ. ಸಂದು ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಹಾಗೇ ಆಗಿದೆ ಅಂತ ತಿಳಿಯಿರಿ. ಹುಡ್ ಕೂಡ ಹಾಗೆಯೇ: ವಿಂಡ್‌ಸ್ಕ್ರೀನ್ ಫ್ರೇಮ್, ಬಾಗಿಲು, ಗ್ಲಾಸು ಎಲ್ಲ ಸರಿಯಾಗಿ ಕೂತ ಮೇಲೆ, ಬಿಸಿಲಲ್ಲಿ ರೆಕ್ಸಿನ್ ಮೆತ್ತಗಾದಾಗ, ಕೊನೆಯಲ್ಲಿ ಎಳೆದು ಕೂರಿಸುವಂಥದ್ದು. ಮೊದಲೇ ಹೊಲಿಸಿಟ್ಟ ಹುಡ್‌ಗೆ ಬೆಲೆ ಕಟ್ಟಬೇಡಿ. ಸೀಟ್ ಕವರ್ ಅಂಗಡಿಯವನು ಬಟ್ಟೆ ಹೊಲಿದಾನು, ಕಬ್ಬಿಣದ ಫ್ರೇಮ್ ಎಲ್ಲಿಂದ ತರುತ್ತಾನೆ? ಫ್ರೇಮ್ ಬಿಡಿಸಿ ಒಂದು, ಮಡಚಿ ಒಂದು ಫೋಟೊ ಹಾಕಿ.

‘ಮೂರು ಗೋಣಿಚೀಲ ಸಾಮಾನು’ ಎಂದರೆ ಕೊಳ್ಳುವವನಿಗೆ ಅದು ಗುಜರಿಯೇ. ಬ್ರೇಕ್, ಸಸ್ಪೆನ್ಷನ್, ವೈರಿಂಗ್, ಕ್ರೋಮ್ ಅಂತ ಬೇರೆ ಬೇರೆ ಡಬ್ಬಿಗೆ ಹಾಕಿ, ಬೋಲ್ಟುಗಳನ್ನು ಕವರಿಗೆ ತುಂಬಿ ಹೆಸರು ಬರೆದು, ಚಾಪೆ ಮೇಲೆ ಹರಡಿ ಫೋಟೊ ತೆಗೆಯಿರಿ. ಇಲ್ಲದ್ದರ ಪಟ್ಟಿ ಬೇರೆ ಕೊಡಿ. ಎಂಜಿನ್ ನಿಂತು ವರ್ಷಗಳಾಗಿದ್ದರೆ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಒಂದೊಂದು ಚಮಚ ಎಣ್ಣೆ ಬಿಟ್ಟು, ಎರಡು ದಿನ ಬಿಟ್ಟು ಕೈಯಿಂದ ತಿರುಗಿಸಿ ನೋಡಿ. ತಿರುಗಿದರೆ ವಿಡಿಯೊ ಮಾಡಿ. ‘ನಿಲ್ಲಿಸಿದಾಗ ಓಡ್ತಿತ್ತು’ ಎಂಬ ಮಾತು ಲೆಕ್ಕಕ್ಕಿಲ್ಲ. ನಾಲ್ಕು ಚಕ್ರ ಹಾಕಿ ಗಾಳಿ ತುಂಬಿಸಿ, ಸ್ಟೀರಿಂಗ್ ತಿರುಗುವಂತಿರಲಿ. ಉರುಳುವ ಗಾಡಿಯನ್ನು ವಿಂಚ್ ಹಾಕಿ ಲಾರಿಗೆ ಎಳೆದುಕೊಳ್ಳಬಹುದು. ಕಲ್ಲಿನ ಮೇಲೆ ಕೂತಿದ್ದಕ್ಕೆ ಕ್ರೇನ್ ಬೇಕು, ಕ್ರೇನಿನ ಬಾಡಿಗೆ ಬೆಲೆಯಲ್ಲೇ ಕಳೆಯುತ್ತದೆ.

ರೇಟು ಹೇಳುವಾಗ ಹಾಕಿದ ದುಡ್ಡನ್ನು ಕೂಡಿಸುವ ಅಭ್ಯಾಸವಿದೆ. ಅದನ್ನು ಯಾರೂ ಕೊಡುವುದಿಲ್ಲ, ಇಲ್ಲೂ ಕೊಡುವುದಿಲ್ಲ. ಮುಗಿದ ಗಾಡಿಗೆ 6 ಲಕ್ಷ ಸಿಗುತ್ತದೆ, ಮುಗಿಸಲು 4 ಬೇಕು ಅನ್ನಿ. ಆಗ ಇದರ ಬೆಲೆ 2 ಕೂಡ ಅಲ್ಲ, ಕೊಳ್ಳುವವನು ಪಡುವ ಪಾಡಿಗೆ ಇನ್ನಷ್ಟು ಕಳೆಯಬೇಕು.

ಇನ್ನು ಕಾಗದ. ಹೆರಾಲ್ಡ್‌ನ ಛಾವಣಿ ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ, ಆದ್ದರಿಂದ ಸಲೂನ್ (ಗಟ್ಟಿ ಛಾವಣಿಯ ಕಾರು) ಕನ್ವರ್ಟಿಬಲ್ ಆಗಿರುವುದು ಬಹಳ. ಇಂಗ್ಲೆಂಡಿನ ಗಾಡಿಯಾದರೆ ಕಾರ್ಖಾನೆ ಕೊಟ್ಟ ಕಮಿಷನ್ ನಂಬರಿನ ಕೊನೆಯ ‘ಸಿವಿ’ ಅಕ್ಷರಗಳೇ ಕನ್ವರ್ಟಿಬಲ್ ಅಂತ ಹೇಳುತ್ತವೆ. ನಮ್ಮಲ್ಲಿ ಆರ್‌ಸಿಯ ಬಾಡಿ ಕಾಲಂ ನೋಡಬೇಕು. ಅಲ್ಲಿ ಸಲೂನ್ ಅಂತಿದ್ದರೆ ಗಾಡಿಯ ರೂಪ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಹೇಳದೆ ಮಾರಬೇಡಿ. 2021ರ ವಿಂಟೇಜ್ ನಿಯಮದಲ್ಲೂ 50 ವರ್ಷ ದಾಟಿದ್ದರೆ ಸಾಲದು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಹೊಸದಾಗಿ ‘ವಿಎ’ ಸರಣಿಯಲ್ಲಿ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಆರ್‌ಸಿ ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲಿದ್ದರೆ ಮೊದಲು ವಾರಸುದಾರನ ಹೆಸರಿಗೆ ಮಾಡಿಸಲು ಫಾರಂ 31, ಅಣ್ಣತಮ್ಮಂದಿರ ಒಪ್ಪಿಗೆ, ಆಮೇಲೆ ಕೊಂಡವನ ಹೆಸರಿಗೆ ಮಾಡಿಸಲು 29 ಮತ್ತು 30. ‘ಅದೆಲ್ಲ ಬ್ರೋಕರ್ ನೋಡ್ಕೋತಾನೆ’ ಎಂದ ಗಾಡಿಗಳೇ ವರ್ಷಗಟ್ಟಲೆ ನಿಲ್ಲುವುದು.

ಇಷ್ಟು ಬೈದ ಮೇಲೆ ಇಲ್ಲಿನ ಹುಳುಕನ್ನೂ ಹೇಳಬೇಕಲ್ಲ. ಇಲ್ಲಿ ಪಟ್ಟಿ ಚೊಕ್ಕಟ, ಗಾಡಿ ಮಾತ್ರ ಮುಗಿಯುವುದಿಲ್ಲ. ಅದೇ ಡಬ್ಬಿಗಳ ಸಮೇತ ಒಂದು ಗ್ಯಾರೇಜಿನಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ವೆಲ್ಡಿಂಗ್ ಕೂಲಿ ಕೇಳಿದರೆ ಆಸೆ ಬತ್ತುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಚಾಸಿಯನ್ನು ತಿಂದುಹಾಕಿರುತ್ತದೆ, ತುಮಕೂರಿನ ಒಣ ಹವೆಯಲ್ಲಿ ನಿಂತ ಗಾಡಿಯ ತಗಡು ಇಲ್ಲಿ ಕನಸಿಗೂ ಸಿಗದು. ತಳದ ತಗಡನ್ನು ಸುತ್ತಿಗೆ, ಗ್ಯಾಸ್ ಇಟ್ಟುಕೊಂಡು ಅಳತೆ ಪಟ್ಟಿಯಿಲ್ಲದೆ ತಿದ್ದಿ ಕೂರಿಸುವ ಟಿಂಕರ್ ನಮ್ಮೂರಿನಲ್ಲಿದ್ದಾನೆ, ಕೊವೆಂಟ್ರಿಯಲ್ಲಿ ಹುಡುಕಬೇಕು. ಇಲ್ಲಿ ದುಡ್ಡು ಎಣಿಸಿದ ಮೇಲೆ ಮಾರಿದವನು ಬಾಗಿಲು ಹಾಕಿಕೊಳ್ಳುತ್ತಾನೆ. ಅಲ್ಲಿ ಫೋಟೊ ಕಳಿಸಲು ಒಲ್ಲದವನೇ ಲಾರಿಗೆ ಹಗ್ಗ ಬಿಗಿಯುತ್ತಾನೆ, ಟಿಂಕರ್ ನಂಬರ್ ಕೊಡುತ್ತಾನೆ, ಆರು ತಿಂಗಳ ನಂತರ ಫೋನ್ ಮಾಡಿದರೂ ‘ಆ ಬ್ರಾಕೆಟ್ಟಾ? ಡೈನಮೊ ಪಕ್ಕದ್ದು ಸಾರ್’ ಅಂತ ಹೇಳುತ್ತಾನೆ.