ಗೆದ್ದಲು ಸಹಿ ಹಾಕಿದ ಮೇಲೆ ಅಸಲಿ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಮರದ ಮುಖವಾಡ ಕೊಳ್ಳುವ ಆಸೆ ಇದ್ದರೆ ಮೊದಲು ಒಂದು ನಿಯಮ ಬಾಯಿಪಾಠ ಮಾಡಿಕೊಳ್ಳಿ. ಮಾರಲೆಂದೇ ಕೆತ್ತಿದ್ದರೆ ಅದು ನಕಲಿ. ಮಾರಾಟಕ್ಕೆ ಇಲ್ಲದ್ದನ್ನು ಯಾರೋ ಎತ್ತಿಕೊಂಡು ಬಂದಿದ್ದರೆ ಅದು ಅಸಲಿ.

ಇದೇನು ನನ್ನ ಜೋಕ್ ಅಲ್ಲ. ಪ್ಯಾರಿಸ್, ಬ್ರಸೆಲ್ಸ್, ನ್ಯೂಯಾರ್ಕ್‌ಗಳ ದೊಡ್ಡ ವ್ಯಾಪಾರಿಗಳು ಬಹಳ ಗಂಭೀರವಾಗಿ ಪಾಲಿಸಿಕೊಂಡು ಬಂದ ಶಾಸ್ತ್ರ. ಮುಖವಾಡವನ್ನು ಊರಿನವನೇ ಊರಿನವರಿಗಾಗಿ ಕೆತ್ತಿರಬೇಕು. ಅದನ್ನು ಹಾಕಿಕೊಂಡು ಕುಣಿದಿರಬೇಕು. ಒಳಗೆ ಬೆವರಿನ ಕಲೆ ಇರಬೇಕು. ಕೆತ್ತುವಾಗ ಅವನ ತಲೆಯಲ್ಲಿ ದುಡ್ಡಿನ ಯೋಚನೆ ಸುಳಿದಿರಬಾರದು. ದುಡ್ಡಿನ ಯೋಚನೆ ಮಾಡುವ ಹಕ್ಕು ಕೊಳ್ಳುವವನಿಗೂ ಮಾರುವವನಿಗೂ ಮಾತ್ರ. ಕೆತ್ತಿದವನು ಹಸಿವಿನಲ್ಲೂ ಪವಿತ್ರನಾಗಿರಬೇಕು.

ಮಾಲಿಯಲ್ಲಿ ನೈಜರ್ ನದಿಯ ಆಸುಪಾಸು, ಸೆಗೂ ಪಟ್ಟಣದ ಸುತ್ತಮುತ್ತ, ಬಮಾನಾ ಜನ ಇದ್ದಾರೆ. ಅಕ್ಕಪಕ್ಕದಲ್ಲೇ ಮಾರ್ಕಾ ಜನ. ಬಮಾನಾ ಊರುಗಳಲ್ಲಿ ಮುಖವಾಡ ಕೆತ್ತುವುದು ಕಮ್ಮಾರರ ಕೆಲಸ. ಮಾರ್ಕಾ ಮುಖವಾಡಗಳು ಉದ್ದ ಮುಖದವು. ಮರದ ಮೇಲೆ ಹಿತ್ತಾಳೆ, ತಾಮ್ರದ ತಗಡು ಹೊಡೆದಿರುತ್ತಾರೆ, ಕೆಂಪು ಕುಚ್ಚು ಕಟ್ಟಿರುತ್ತಾರೆ. ವ್ಯಾಪಾರಿಗಳ ಪಾಂಡಿತ್ಯ ಬಹುತೇಕ ಈ ತಗಡಿನ ಹತ್ತಿರವೇ ನಿಲ್ಲುತ್ತದೆ. ತಗಡು ಇದ್ದರೆ ಮಾರ್ಕಾ, ಇಲ್ಲದಿದ್ದರೆ ಬಮಾನಾ. ಅರ್ಧ ಉದುರಿದ್ದರೆ 'ಮಾರ್ಕಾ ಅಥವಾ ಬಮಾನಾ' ಅಂತ ಕ್ಯಾಟಲಾಗಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಕೆತ್ತಿದವನ ಹೆಸರಿನ ಜಾಗದಲ್ಲಿ 'ಅಜ್ಞಾತ'. ಆದರೆ ಅದೇ ಪುಟದಲ್ಲಿ ಅದು ಯಾವ ಯಾವ ಯುರೋಪಿಯನ್ನರ ಗೋಡೆಯ ಮೇಲೆ ಎಷ್ಟೆಷ್ಟು ವರ್ಷ ನೇತಾಡಿತ್ತು ಅನ್ನುವ ವಂಶಾವಳಿ ಮಾತ್ರ ಚಾಚೂ ತಪ್ಪದೆ ಇರುತ್ತದೆ. ಅಪ್ಪ ಯಾರೋ ಗೊತ್ತಿಲ್ಲ, ದತ್ತು ತೆಗೆದುಕೊಂಡವರ ಪಟ್ಟಿ ಮಾತ್ರ ಪಕ್ಕಾ!

ಬಮಾನಾ ಹುಡುಗರಿಗೆ ಸುನ್ನತಿಗೆ ಮುಂಚೆ ನ್ತೊಮೊ ಅನ್ನುವ ಸಂಘ ಇತ್ತು. ಅದರ ಮುಖವಾಡದ ತಲೆಯ ಮೇಲೆ ಬಾಚಣಿಗೆಯ ಹಾಗೆ ಸಾಲಾಗಿ ಕೊಂಬು. ಬಾಯಿ ತೀರಾ ಚಿಕ್ಕದು, ಕೆಲವಕ್ಕೆ ಇಲ್ಲವೇ ಇಲ್ಲ. ಹುಡುಗರು ಮಾತು ಹಿಡಿತದಲ್ಲಿಟ್ಟುಕೊಳ್ಳಲು ಕಲಿಯಲಿ ಅಂತ. ಮ್ಯೂಸಿಯಂನಲ್ಲಿ ಅದರ ಪಕ್ಕ ನಿಂತ ಗೈಡ್ ಮುಕ್ಕಾಲು ಗಂಟೆ ಮಾತಾಡುತ್ತಾನೆ. ಚಿವಾರ ಇನ್ನೊಂದು. ಬೇಸಾಯ ಕಲಿಸಿದ ಪ್ರಾಣಿಯ ರೂಪ ಅದು. ಜಿಂಕೆಯ ಹಾಗಿರುವ ಕೆತ್ತನೆಯನ್ನು ಬುಟ್ಟಿಯಂಥ ಟೋಪಿಗೆ ಕಟ್ಟಿ, ಮೈತುಂಬ ನಾರು ಹೊದ್ದು, ಗಂಡು ಹೆಣ್ಣು ಜೋಡಿಯಾಗಿ ಹೊಲದಲ್ಲಿ ಕುಣಿಯಬೇಕು. ಚೆನ್ನಾಗಿ ಗುದ್ದಲಿ ಹಿಡಿದವರಿಗೆ ಮರ್ಯಾದೆ. ಸಂಗ್ರಹಕಾರರು ನಾರು ಕಿತ್ತು ಬಿಸಾಕಿದರು, ಟೋಪಿ ಬಿಸಾಕಿದರು, ಜೋಡಿಯನ್ನೂ ಒಡೆದರು. ಗಂಡು ಒಂದು ನಗರದಲ್ಲಿ, ಹೆಣ್ಣು ಸಮುದ್ರದಾಚೆ. ಉಳಿದ ಮರದ ತುಂಡಿನ ಕೆಳಗೆ ಬೋರ್ಡ್: 'ನೃತ್ಯದ ಮುಖವಾಡ, ಮುಟ್ಟಬೇಡಿ'.

ಈಗ ಆ ಎತ್ತಿಕೊಂಡು ಬರುವ ವಿಷಯ. 1931ರಿಂದ 1933ರವರೆಗೆ ಮಾರ್ಸೆಲ್ ಗ್ರಿಯೋಲ್ ಅನ್ನುವ ಮಾನವಶಾಸ್ತ್ರಜ್ಞ ಆಫ್ರಿಕಾದ ಪಶ್ಚಿಮ ತುದಿಯ ಡಾಕಾರ್‌ನಿಂದ ಪೂರ್ವದ ಜಿಬೂಟಿವರೆಗೆ ಒಂದು ತಂಡ ಕಟ್ಟಿಕೊಂಡು ಹೋದ. ಆಗ ಮಾಲಿಯನ್ನು ಆಳುತ್ತಿದ್ದ ಫ್ರಾನ್ಸ್ ಸರ್ಕಾರದ ಆಶೀರ್ವಾದ ಇತ್ತು. ವಾಪಸ್ ಬರುವಾಗ ಮೂರೂವರೆ ಸಾವಿರ ವಸ್ತುಗಳು ಜೊತೆಗೆ ಬಂದವು. 1931ರ ಸೆಪ್ಟೆಂಬರ್‌ನಲ್ಲಿ ಕೆಮೆನಿ ಅನ್ನುವ ಬಮಾನಾ ಹಳ್ಳಿಯಲ್ಲಿ ಕೊನೊ ಅನ್ನುವ ಧಾರ್ಮಿಕ ಸಂಘದ ಗುಡಿ ಇವರ ಕಣ್ಣಿಗೆ ಬಿತ್ತು. ಒಳಗೆ ಹೋಗಬೇಕಾದರೆ ಕೋಳಿ ಬಲಿ ಕೊಡಬೇಕು ಅಂದರು ಊರಿನವರು. ಅಷ್ಟು ತಾಳ್ಮೆ ಯಾರಿಗಿದೆ? 10 ಫ್ರಾಂಕ್ ಕೊಡುತ್ತೇವೆ, ಒಳಗಿರುವ ಪವಿತ್ರ ವಸ್ತು ಕೊನೊವನ್ನೇ ಕೊಡಿ ಅಂದರು. ಕೊಡದಿದ್ದರೆ ಲಾರಿಯಲ್ಲಿ ಪೊಲೀಸರು ಅಡಗಿ ಕೂತಿದ್ದಾರೆ, ಹಿರಿಯರನ್ನೆಲ್ಲ ಎಳೆದೊಯ್ಯುತ್ತಾರೆ ಅಂತಲೂ ಹೇಳಿದರು. ಲಾರಿಯಲ್ಲಿ ಪೊಲೀಸರು ಇರಲಿಲ್ಲ. ಊರಿನವರು ಮುಟ್ಟಲು ಒಪ್ಪದ ವಸ್ತುವನ್ನು ಇವರೇ ಹೊರಗೆ ತಂದು, ಟಾರ್ಪಾಲಿನಲ್ಲಿ ಸುತ್ತಿ, ಮುಖ್ಯಸ್ಥನ ಕೈಗೆ 10 ಫ್ರಾಂಕ್ ತುರುಕಿ ಹೊರಟರು. ಮರುದಿನ ಇನ್ನೊಂದು ಊರು. ಇದನ್ನೆಲ್ಲ ಬರೆದಿಟ್ಟವನು ತಂಡದ ಕಾರ್ಯದರ್ಶಿ ಮಿಷೆಲ್ ಲೆರಿಸ್. ಇದು ಬ್ಲ್ಯಾಕ್‌ಮೇಲ್ ಅಂತಲೂ ಅವನೇ ಬರೆದ. ಕದ್ದವನು ಡೈರಿ ಬರೆದರೆ ಅದು ಸಂಶೋಧನೆ ಆಗುತ್ತದೆ.

ಇಂಥ ವಸ್ತುವಿಗಿಂತ ಅಸಲಿ ಬೇಕಾ? ದಿನಾಂಕ ಇದೆ, ಊರಿನ ಹೆಸರಿದೆ, ಬಿಲ್ಲೂ ಇದೆ: 10 ಫ್ರಾಂಕ್.

ಕಮ್ಮಾರನ ಮೊಮ್ಮಗನ ಕಥೆ ನೋಡಿ. ಅವನು ಅದೇ ಬಾಚಿ, ಅದೇ ಮರ, ಅಜ್ಜ ಕಲಿಸಿದ ಅದೇ ಕೈಚಳಕದಲ್ಲಿ ಮಾಲಿಯ ರಾಜಧಾನಿ ಬಮಾಕೊದಲ್ಲಿ ಕೂತು ಕೆತ್ತುತ್ತಾನೆ. ಊರಿನಲ್ಲಿ ಹೆಚ್ಚಿನವರು ಇಸ್ಲಾಂಗೆ ಹೋದ ಮೇಲೆ ಹಳೆಯ ಸಂಘಗಳು ಸೊರಗಿದವು. ಕುಣಿಯುವವರು ಕಡಿಮೆ, ಕೊಳ್ಳುವವರು ಜಾಸ್ತಿ. ಹೊಟ್ಟೆಪಾಡಿಗೆ ಟೂರಿಸ್ಟಿಗೆ ಮಾರುತ್ತಾನೆ. ಅಲ್ಲಿಗೆ ಅವನು ನಕಲಿಕೋರ. ಆಗ ಮಧ್ಯವರ್ತಿ ಬಂದು ಕಿವಿಯಲ್ಲಿ ಉಪಾಯ ಹೇಳುತ್ತಾನೆ. ಹೊಗೆ ಹಾಕು, ಕೆಸರು ಮೆತ್ತು, ಕೆಲವು ವಾರ ಹುತ್ತದಲ್ಲಿ ಇಡು. ಗೆದ್ದಲು ಅಂಚು ತಿಂದರೆ ಮುಖವಾಡಕ್ಕೆ ನೂರು ವರ್ಷ ವಯಸ್ಸಾಗುತ್ತದೆ. ಯುರೋಪಿನ ತಜ್ಞರು ಭೂತಗನ್ನಡಿ ಹಿಡಿದು ಆ ತೂತುಗಳನ್ನು ನೋಡಿ ಕಣ್ಣಲ್ಲಿ ನೀರು ತರಿಸಿಕೊಳ್ಳುತ್ತಾರೆ. ಮನುಷ್ಯನ ಮಾತು ನಂಬದವರು ಹುಳದ ಸಹಿ ನಂಬುತ್ತಾರೆ. ಲಾಭ ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಡಿ, ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾದ ಗಾದೆ ನಮ್ಮಲ್ಲೇ ಇದೆಯಲ್ಲ.

ತಮಾಷೆ ಇರುವುದು ಮುಂದೆ. ಆಫ್ರಿಕಾದ ದೇಶಗಳು 'ನಮ್ಮದು ನಮಗೆ ಕೊಡಿ' ಅಂದಾಗಲೆಲ್ಲ ಬರುತ್ತಿದ್ದ ಹಳೆಯ ಉತ್ತರ ಏನು? ಅಲ್ಲಿ ಸೆಕೆ, ಅಲ್ಲಿ ಧೂಳು, ಅಲ್ಲಿ ಹುಳ ಹಿಡಿಯುತ್ತದೆ! ಅಂದರೆ ಗೆದ್ದಲು ಮೊದಲೇ ತಿಂದು ಪ್ಯಾರಿಸ್‌ಗೆ ಬಂದರೆ ಸೌಂದರ್ಯ. ಬಮಾಕೊಗೆ ಹೋದ ಮೇಲೆ ತಿಂದರೆ ಅನಾಹುತ. ಬಮಾಕೊದಲ್ಲಿ ರಾಷ್ಟ್ರೀಯ ಮ್ಯೂಸಿಯಂ 1953ರಿಂದಲೇ ಇದೆ ಅನ್ನುವುದನ್ನು ಈ ವಾದ ಮಾಡುವವರಿಗೆ ಯಾರಾದರೂ ಹೇಳಬೇಕು.

ಫ್ರಾನ್ಸಿನ ಅಂದಿನ ಅಧ್ಯಕ್ಷ ಜಾಕ್ ಶಿರಾಕ್ ಅವರಿಗೆ 1996ರಲ್ಲಿ ಹುಟ್ಟುಹಬ್ಬದ ಉಡುಗೊರೆಯಾಗಿ ಒಂದು ಮಣ್ಣಿನ ಟಗರು ಬಂದಿತ್ತು. ಅದು ಮಾಲಿಯಲ್ಲಿ ಲೂಟಿಯಾದದ್ದು ಅಂತ ಗೊತ್ತಾಗಿ, ಮುಜುಗರಪಟ್ಟು ವಾಪಸ್ ಕೊಟ್ಟರು. 2006ರಲ್ಲಿ ಅವರೇ ಪ್ಯಾರಿಸ್‌ನ ಕೇ ಬ್ರಾನ್ಲಿ ಮ್ಯೂಸಿಯಂ ಉದ್ಘಾಟಿಸಿದರು. ಈಗ ಅದಕ್ಕೆ ಅವರ ಹೆಸರೂ ಸೇರಿದೆ. ಅದರೊಳಗೆ ಮಾಲಿಯ ವಸ್ತುಗಳೇ ಸುಮಾರು 6,900. ಒಂದು ಟಗರು ಮನೆಯಲ್ಲಿದ್ದರೆ ಮುಜುಗರ, ಮಂದೆಯೇ ಇದ್ದರೆ ಮ್ಯೂಸಿಯಂ.

2017ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಬುರ್ಕಿನಾ ಫಾಸೊದ ವಾಗಡೂಗು ನಗರದಲ್ಲಿ ನಿಂತು, ಐದು ವರ್ಷದೊಳಗೆ ಆಫ್ರಿಕಾದ ಪರಂಪರೆ ಮರಳುವ ಹಾಗೆ ಮಾಡುತ್ತೇನೆ ಅಂದರು. 2020ರಲ್ಲಿ ಕಾನೂನು ಬಂತು. ಬೆನಿನ್ ದೇಶಕ್ಕೆ 26 ವಸ್ತು, ಸೆನೆಗಲ್‌ಗೆ ಒಂದು ಕತ್ತಿ. ಮಾಲಿಯ ಹೆಸರು ಆ ಕಾನೂನಿನಲ್ಲಿ ಇರಲಿಲ್ಲ. ಅರ್ಜಿ, ಸಮಿತಿ, ವರದಿ, ಸಂಸತ್ತು ಅಂತ ಅಲ್ಲಿ ದಾರಿ ಬಹಳ ಉದ್ದ.

ನನಗನ್ನಿಸುವುದು, ಇಷ್ಟೆಲ್ಲ ಕಾಗದ ಯಾಕೆ? ವಿಧಾನ ಆಗಲೇ ಲಿಖಿತದಲ್ಲಿದೆ, ಅದೂ ಫ್ರೆಂಚ್ ಭಾಷೆಯಲ್ಲೇ. ಮಾಲಿಯವರು ಒಂದು ಲಾರಿ ತಂದು ಮ್ಯೂಸಿಯಂ ಮುಂದೆ ನಿಲ್ಲಿಸಲಿ. ಒಳಗೆ ಪೊಲೀಸರಿದ್ದಾರೆ ಅಂತ ಹೇಳಲಿ, ಇರಲೇಬೇಕು ಅಂತಿಲ್ಲ. ಟಾರ್ಪಾಲಿನಲ್ಲಿ ಸುತ್ತಿಕೊಂಡು, ನಿರ್ದೇಶಕರ ಕೈಗೆ 10 ಫ್ರಾಂಕ್ ಕೊಟ್ಟು ಹೊರಡಲಿ. ಫ್ರಾನ್ಸಿನಲ್ಲಿ ಈಗ ಫ್ರಾಂಕ್ ಚಲಾವಣೆಯಲ್ಲಿಲ್ಲ. ಮಾಲಿಯಲ್ಲಿ ಇದೆ, ಚಿಲ್ಲರೆಗೆ ತೊಂದರೆಯಾಗುವುದಿಲ್ಲ.